ಜೇನುಗಳಿಗೆ ಹೇಳಿದ ಸುಳ್ಳು

೧

ಮಂಜಿನಿಂದ ಶುರುಮಾಡಲೇ, ಚಹಾದಿಂದಲೇ? ಯಾರ್ಕ್‌ಶೈರಿನ ಬೋಳುಗುಡ್ಡ, ಭೂತದ ಹಳೇ ಕಾದಂಬರಿ, ಅದರ ಸಿನಿಮಾ. ಮಂಜಿಲ್ಲದಿದ್ದರೆ ನಿಮಗೆ ಬೇಜಾರಾಗುತ್ತದೆ. ಆದರೆ ಆ ಸಿನಿಮಾ ತೋರಿಸಿದ ಭಾನುವಾರ ಮಧ್ಯಾಹ್ನ ನಮ್ಮೂರ ಸಭಾಭವನದ ಹೊರಗೆ ಚುರುಚುರು ಬಿಸಿಲು, ಒಳಗೆ ಚಹಾ. (ನೋಡಿ, ನಾಲ್ಕನೇ ವಾಕ್ಯಕ್ಕೇ ಗಾಥಿಕ್ ಭೂತಕಥೆಯ ಕಳೆ ಕೆಟ್ಟಿತು.)

ನಾನು ಇಲ್ಲಿನ ಚಿತ್ರಸಂಘದ ಕಾರ್ಯದರ್ಶಿ. ಪ್ರತಿ ಪ್ರದರ್ಶನಕ್ಕೂ ಒಂದು ಪುಟದ ರಸವಿಮರ್ಶೆ ಬರೆದು ಕುರ್ಚಿಗಳ ಮೇಲಿಡುತ್ತೇನೆ. ಜನ ಅದರ ಮೇಲೆ ಬಿಸ್ಕತ್ತು ಇಟ್ಟುಕೊಳ್ಳುತ್ತಾರೆ.

೨ (ಹರಿದ ಕರಡು)

‘ಕಾದಂಬರಿಯಲ್ಲಿ ಸತ್ತ ಯಜಮಾನನ ಭೂತ ನಲವತ್ತು ಪುಟ ಮಾತಾಡುತ್ತದೆ. ಸಿನಿಮಾದಲ್ಲಿ ಅದು ಕಾಣುವುದೇ ಇಲ್ಲ. ಕಿಟಕಿಯ ಪರದೆ ಅಲುಗುತ್ತದೆ. ಮೆಟ್ಟಿಲ ಮೇಲೆ ಬೆಳಕು ಸ್ವಲ್ಪ ಹೊತ್ತು ನಿಂತು, ಏನೋ ನೆನಪಾದಂತೆ ಇಳಿದುಹೋಗುತ್ತದೆ. ನೋಡುತ್ತಾ ನಾವೇ ಯಾರದೋ ನಿದ್ದೆಯೊಳಗೆ ಓಡಾಡುತ್ತಿದ್ದೇವೆ ಅನ್ನಿಸುತ್ತದೆ...’

ಚೆನ್ನಾಗಿದೆಯಲ್ಲವೇ? ನನಗೂ ಹಾಗೇ ಅನ್ನಿಸಿತ್ತು, ಮಿಸ್ ಸಗ್ಡೆನ್ ಓದುವ ತನಕ. ನನಗೆ ಅಕ್ಷರ ಕಲಿಸಿದ ಹೆಸ್ಟರ್ ಸಗ್ಡೆನ್, ಈಗ ಎಪ್ಪತ್ತೊಂಬತ್ತು.

“ಪರದೆಯಂತೆ, ಬೆಳಕಂತೆ! ಜೇನಿನ ವಿಷಯ ಎಲ್ಲೋ?”

“ನಿಮಗೆ ನೋವಾಗುತ್ತೆ ಅಂತ ಬಿಟ್ಟೆ, ಮಿಸ್.”

“ನೋವು ನಂದು. ಅದರ ಉಸಾಬರಿ ನಿಂಗ್ಯಾಕೆ? ಬರಿ.”

೪

(ಮೂರು ಎಲ್ಲಿ ಎಂದು ಕೇಳಬೇಡಿ. ಅದರ ತುಂಬ ಮಂಜೇ ಇತ್ತು.)

ನಮ್ಮ ಕಡೆ ಮನೆಯ ಯಜಮಾನ ಸತ್ತರೆ ಯಾರಾದರೂ ಜೇನುಪೆಟ್ಟಿಗೆಗಳ ಹತ್ತಿರ ಹೋಗಿ, ಮನೆಯ ಕೀಲಿಕೈಯಿಂದ ಮೆಲ್ಲಗೆ ಮೂರು ಸಲ ಬಡಿದು ಸುದ್ದಿ ತಿಳಿಸಬೇಕು. ಇಲ್ಲದಿದ್ದರೆ ಜೇನು ಮುನಿಸಿಕೊಂಡು ಹಾರಿಹೋಗುತ್ತವೆ. ಕಾದಂಬರಿಯಲ್ಲಿ ಮನೆಗೆಲಸದವಳು ಇದನ್ನು ಮರೆಯುತ್ತಾಳೆ. ಅದಕ್ಕೇ ಸತ್ತವನಿಗೆ ಮನೆ ಬಿಟ್ಟು ಹೋಗಲಾಗುವುದಿಲ್ಲ. ಸಿನಿಮಾದ ಕೊನೆಯಲ್ಲಿ ಅವಳು ಹೋಗಿ ಹೇಳುತ್ತಾಳೆ.

ಆ ದೃಶ್ಯವನ್ನು ಚಿತ್ರೀಕರಿಸಿದ್ದು ಇಲ್ಲೇ, ೧೯೬೭ರ ಬೇಸಿಗೆಯಲ್ಲಿ. ನಟಿಗೆ ಜೇನೆಂದರೆ ಭಯ. ಹಾಗಾಗಿ ತೆರೆಯ ಮೇಲಿನ ಕೈಯೂ ದನಿಯೂ ಇಪ್ಪತ್ತೊಂದರ ಹೆಸ್ಟರಳವು. ಪೆಟ್ಟಿಗೆಗಳು ಅವಳಪ್ಪ ಏಮಸ್‌ನವು. ತುಂಬಿದ ಪೆಟ್ಟಿಗೆಗಳ ಮುಂದೆ ನಿಜವಾದ ಕೀಲಿಕೈ ಹಿಡಿದು “ನಿಮ್ಮ ಯಜಮಾನ ತೀರಿಕೊಂಡ” ಎಂದಳು. ಹೇಳಿ ಮುಗಿಸಿ, ಹೆದರಿ, ಹಿಂತಿರುಗಿ ನೋಡದೆ ಮನೆಗೆ ಓಡಿದಳು. ನವೆಂಬರಿನಲ್ಲಿ ಏಮಸ್ ತೀರಿಕೊಂಡ.

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಎಂದು ಡಾಕ್ಟರೂ ಪಾದ್ರಿಯೂ ಸಮಾಧಾನ ಹೇಳಿದರು. ಮಿಸ್ ಸಗ್ಡೆನ್ ಒಪ್ಪಲಿಲ್ಲ. ತಾನು ಹೇಳಿದ ಸುಳ್ಳನ್ನು ಜೇನು ನಂಬಿದವು, ಆಮೇಲೆ ಅಪ್ಪ ಅದನ್ನು ನಿಜ ಮಾಡಬೇಕಾಯಿತು, ಅಷ್ಟೆ. ಆ ಸಿನಿಮಾವನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

೫ (ಅಂತ್ಯಗಳು, ನಿಮ್ಮ ಆಯ್ಕೆಗೆ)

ಅ) ಮಿಸ್ ಸಗ್ಡೆನ್ ಬರಲಿಲ್ಲ. ಕುರ್ಚಿ ಖಾಲಿ ಉಳಿಯಿತು.

ಆ) ಬಂದರು, ಗಳಗಳನೆ ಅತ್ತರು, ತಮ್ಮನ್ನು ತಾವೇ ಕ್ಷಮಿಸಿಕೊಂಡರು.

“ಥೂ! ನಾನೆಲ್ಲೋ ಅತ್ತೆ? ಎರಡೂ ಹೊಡೆದುಹಾಕು. ಆದದ್ದು ಬರಿಯೋಕೆ ಏನು ಧಾಡಿ?”

ಸರಿ, ಮಿಸ್.

೬

ಬಂದರು, ಕೊನೇ ಸಾಲಿನಲ್ಲಿ ಕೂತರು. ಕೊನೆಯ ದೃಶ್ಯ ಬಂತು: ಬೆಳಗಿನ ಹುಲ್ಲು, ನಿದ್ದೆಗಣ್ಣಿನಂಥ ಬಿಳಿ ಬೆಳಕು, ಎಳೆಯ ಕೈ. ಮೂರು ಸಲ ಬಡಿತ. ಆ ದನಿ. ಕೈ ಸರಿದುಹೋಯಿತು.

ಬೇರೆ ಯಾರಾದರೂ ಅಲ್ಲಿಗೇ ಕತ್ತರಿ ಹಾಕುತ್ತಿದ್ದರು. ಕಾದಂಬರಿ ಇಲ್ಲಿ ಮೂರು ಪ್ಯಾರಾ ನೀತಿಪಾಠ ಹೇಳುತ್ತದೆ. ಈ ನಿರ್ದೇಶಕ ಸುಮ್ಮನೆ ಪೆಟ್ಟಿಗೆಗಳನ್ನೇ ನೋಡುತ್ತಾ ಹನ್ನೊಂದು ಸೆಕೆಂಡು ನಿಲ್ಲುತ್ತಾನೆ. ಅದಕ್ಕಾಗಿಯೇ ನನಗೆ ಈ ಸಿನಿಮಾದ ಮೇಲೆ ಪ್ರಾಣ.

ಆಗ ತೆರೆಯ ಕೆಳಗೆ, ಬರಿ ಗೋಡೆಯ ಮೇಲೆ, ಹರಿದ ಅಂಗಿತೋಳಿನ ದಪ್ಪ ಕೈಯೊಂದು ಮೂಡಿತು. ಪೆಟ್ಟಿಗೆಯನ್ನು ಕರುವಿನ ಮೈ ಸವರುವಂತೆ ಸವರಿತು. ಹಿಂದೆಯೇ ಒಂದು ಗಡ್ಡ, ಅಲುಗುವ ತುಟಿ. ಸದ್ದಿಲ್ಲ.

“ಅಯ್ಯಯ್ಯೋ, ಈ ರೀಲಿಗೆ ಅಂಚು ಮುಚ್ಚೋ ಮಾಸ್ಕ್ ಹಾಕೋದೇ ಮರೆತೆ!” ಪ್ರೊಜೆಕ್ಟರಿನ ಹಿಂದಿನಿಂದ ಕ್ಲಿಫರ್ಡ್ ಕೂಗಿದ. “ಫಿಲ್ಮಿನ ಕೆಳಗಿನ ಅಂಚು ಕಾಣಬಾರದಿತ್ತು. ಈಗ್ಲೇ ಮುಚ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ,” ಎಂದು ಮಿಸ್ ಸಗ್ಡೆನ್ ಎದ್ದು ನಿಂತರು. “ಅದು ನಮ್ಮಪ್ಪ.”

ರೀಲು ಹಿಂದಕ್ಕೆ ಸುತ್ತಿ ನಾಲ್ಕು ಸಲ ಹಾಕಿದೆವು. ‘ಸುಳ್ಳು, ನಂಬಬೇಡಿ’ ಅನ್ನುತ್ತಿದ್ದಾನೆ ಎಂದರು ಅರ್ಧ ಜನ. ಜೇನು ತಣಿಸಲು ಹಾಕಿದ ಹೊಗೆಗೆ ಕೆಮ್ಮುತ್ತಿದ್ದಾನೆ ಎಂದರು ಉಳಿದವರು. ಏನೇ ಆಗಲಿ, ಲೇಖಕ ನಾನು. ಅವನು ಏನೆಂದ ಎಂದು ಒಂದು ಸಾಲು ಬರೆದರೆ ಐವತ್ತೆಂಟು ವರ್ಷದ ಭಾರ ಇಳಿಯುತ್ತದೆ. ಪೆನ್ನು ತೆಗೆದೆ.

ಮಿಸ್ ಸಗ್ಡೆನ್ ಅದನ್ನು ಕಿತ್ತುಕೊಂಡರು.

“ನೀನು ಬರೆದ್ರೆ ಅದು ನಿನ್ನ ಮಾತಾಗುತ್ತೆ ಕಣೋ. ನಂಗೆ ಅವನದು ಬೇಕು. ಕ್ಲಿಫರ್ಡ್, ಇನ್ನೊಂದ್ಸಲ ಹಾಕಪ್ಪ.”

ಗೋಡೆಯ ಹತ್ತಿರ ಹೋಗಿ, ತುಟಿಗಳು ಮೂಡುವ ಜಾಗಕ್ಕೆ ಕಿವಿಯಾನಿಸಿ ನಿಂತರು. ಅವರ ಬಿಳಿ ಕೂದಲ ಮೇಲೆ ಅಪ್ಪನ ಗಡ್ಡ ಅಲುಗುತ್ತಿದೆ. ಪೆನ್ನು ಇನ್ನೂ ಅವರ ಕೈಯಲ್ಲೇ ಇದೆ. ಯಾರೂ ಮಾತಾಡಬೇಡಿ, ಅವರು ಕೇಳಿಸಿಕೊಳ್ಳುತ್ತಿದ್ದಾರೆ.