ಹಜ್‌ಗೆ ಹೋದ ಹನ್ನೊಂದು ಕೊಲೆಗಡುಕರು

ಮದುವೆಯಾಗಿ ಲಿಂಗಸುಗೂರಿನಿಂದ ಮಸ್ಕಿಗೆ ಬಂದಾಗ ನನ್ನ ಪೆಟ್ಟಿಗೆಯ ತಳದಲ್ಲಿ ಒಂದು ಉರ್ದು ಪುಸ್ತಕವಿತ್ತು. ಹೈದರಾಬಾದಿನಲ್ಲಿದ್ದ ಅಣ್ಣ ಕೊಟ್ಟದ್ದು. ಹನ್ನೆರಡು ಕಥೆ, ಹನ್ನೆರಡೂ ಖೂನಿಯವು. ಒಂದೆರಡರಲ್ಲಿ ವಿಷ, ಒಂದರಲ್ಲಿ ಬಾವಿ, ಮಿಕ್ಕವುಗಳಲ್ಲಿ ಚೂರಿ. ಒಳ್ಳೆಯ ಮನೆತನದ ಹೆಣ್ಣು ಓದುವಂಥದ್ದಲ್ಲ. ಅದಕ್ಕೇ ನನಗೆ ಅದರ ಮೇಲೆ ಪ್ರಾಣ.

ಹಾಳಾಗಬಾರದೆಂದು ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಎಡವಟ್ಟಾದದ್ದು ಅಲ್ಲೇ. ಪವಿತ್ರ ಗ್ರಂಥಗಳಿಗೆ ಸುತ್ತುವುದೂ ಹಸಿರು ಬಟ್ಟೆಯೇ. ಅತ್ತೆ ಹಾಜಿರಾಬೀಗೆ ಓದು ಬಾರದು. ಹಸಿರು ಬಟ್ಟೆ, ಒಳಗೆ ಉರ್ದು ಅಕ್ಷರ ಕಂಡದ್ದೇ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿಟ್ಟರು.

"ಔಲಿಯಾಗಳ ಕಥಿ ಏನ್ ನಜಮಾ?" ಎಂದರು.

ಸಂತರ ಕಥೆಯಂತೆ! ನಾನು ಹೊಸ ಸೊಸೆ. ಹೌದೆಂದುಬಿಟ್ಟೆ.

ಮರುದಿನ ಮಧ್ಯಾಹ್ನವೇ ಓದಲು ಕೂರಿಸಿದರು. ಪಕ್ಕದ ಮನೆಯ ಗಾಳೆಮ್ಮ ಶೇಂಗಾ ಸುಲಿಯಲು ಬರುತ್ತಿದ್ದಳು. ಅವಳಿಗಾಗಿ ಕನ್ನಡದಲ್ಲೇ ಹೇಳಬೇಕು. ಔಲಿಯಾಗಳನ್ನು ನಾನು ಎಲ್ಲಿಂದ ತರಲಿ? ಕಥೆಯನ್ನು ಇದ್ದ ಹಾಗೇ ಹೇಳಿ, ಕೊನೆಯಲ್ಲಿ ಮಾತ್ರ ಗಲ್ಲು ತಪ್ಪಿಸಿ, ಕೊಲೆಗಡುಕನಿಂದ ಪಶ್ಚಾತ್ತಾಪದ ತೋಬಾ ಮಾಡಿಸಿ ಹಜ್‌ಗೆ ಕಳಿಸಿದೆ. ಹೀಗೆ ದಿನಕ್ಕೊಬ್ಬರಂತೆ ಹನ್ನೊಂದು ಮಂದಿ ಹೋದರು. ಅತ್ತೆ ಪ್ರತಿಸಲ "ಸುಭಾನಲ್ಲಾ" ಎನ್ನುತ್ತಿದ್ದರು, ದಿನದಿಂದ ದಿನಕ್ಕೆ ಮೆಲ್ಲಗೆ.

"ಕೊಂದಾವ್ರು ಛಲೋ ಆದ್ರು, ಸರಿ. ಸತ್ತಾವ್ರ ಗತಿ ಏನಬೇ?" ಎಂದು ಗಾಳೆಮ್ಮ ಕೇಳಿದಳು. ನಾನು ಪುಸ್ತಕ ಮಡಚಿ ಗೂಡಿನಲ್ಲಿಟ್ಟೆ.

ಹನ್ನೆರಡನೆಯ ಕಥೆ ಅರ್ಧಕ್ಕೆ ನಿಂತ ಮರುದಿನ, ನಾವು ಮೂವರೂ ಶೇಂಗಾ ಸುಲಿಯುತ್ತಿದ್ದಾಗ ಮಾವ ಖಾದರಬಾಷಾ ಬಂದರು. ನಿಜಾಮರ ಸರ್ಕಾರದಲ್ಲಿ ಗುಮಾಸ್ತರು, ತಿಂಗಳಿಗೊಮ್ಮೆ ಮನೆಗೆ ಬರುವವರು. ಗೂಡಿನಲ್ಲಿ ಹಸಿರು ಬಟ್ಟೆ ಕಂಡು, ಔಲಿಯಾಗಳ ಕಥೆಯೆಂದು ಅತ್ತೆ ಹೇಳಿದ್ದೇ ಕೈಕಾಲು ತೊಳೆದು ಬಂದು, ಗುರುತಿಟ್ಟ ಪುಟವನ್ನೇ ತೆರೆದರು. ಸುಳ್ಳುಬುರುಕಿ ಎಂದು ತವರಿಗೆ ಅಟ್ಟಿದರೆ ಏನು ಗತಿ? ಮಾವ ಗಟ್ಟಿಯಾಗಿ ಓದಿದರು.

"ಹಾಲಿನಾಗ ವಿಷ ಬೆರಸಿ... ಯಾವ ಔಲಿಯಾ ಇದು? ಖೂನಿ ಕಿತಾಬು! ಈಗಿಂದೀಗ ಒಲಿಗೆ ಹಾಕ್ರಿ!"

ಅತ್ತೆ ನನ್ನನ್ನೊಮ್ಮೆ ನೋಡಿದರು. ನಾನು ತಲೆ ಎತ್ತಲಿಲ್ಲ.

"ಹಾಕೂಣಂತ," ಎಂದರು ಅತ್ತೆ. "ಮೊದಲ ಅದನ್ನ ಮುಗಸ್ರಿ. ವಿಷ ಹಾಕಿದಾಕಿ ಅಕ್ಕನೋ, ತಂಗಿನೋ? ನಿನ್ನಿಯಿಂದ ನನಗ ನಿದ್ದಿ ಇಲ್ಲ."

ಮಾವ ಗೊಣಗುತ್ತ ನಿಂತಲ್ಲೇ, ಗಾಳೆಮ್ಮನಿಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದರು. ಅರ್ಧ ಪುಟಕ್ಕೆ ಕೂತರು. ಮುಂದಿನ ಪುಟಕ್ಕೆ ಟೋಪಿ ತೆಗೆದಿಟ್ಟರು. ಕೊನೆಗೆ ತಂಗಿಯೇ ಸಿಕ್ಕಿಬಿದ್ದಳು, ಅವಳಿಗೆ ಗಲ್ಲಾಯಿತು. ಹಗ್ಗ ಬಿಗಿದ ಸಾಲನ್ನು ಮಾವ ಎರಡು ಸಲ ಓದಿದರು. ಗಾಳೆಮ್ಮ ಶೇಂಗಾ ಬಿಟ್ಟು ಚಪ್ಪಾಳೆ ತಟ್ಟಿದಳು.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಈಕಿ ಹಜ್‌ಗೆ ಹೋಗಲಿಲ್ಲಲ್ಲ?"

"ಇಲ್ಲಮ್ಮಾ."

"ಆ ಹನ್ನೊಂದು ಮಂದಿ?"

"ಅವರಿಗೂ ಗಲ್ಲೇ ಆಗಿತ್ತಮ್ಮಾ." ಅಳು ಬಂದೇಬಿಟ್ಟಿತು.

"ಅಂದ್ರ ಹನ್ನೊಂದು ಗಲ್ಲು ನನಗ ತಪ್ಪಿಸಿಬಿಟ್ಟೆಲ್ಲಬೇ!" ಅತ್ತೆ ಶೇಂಗಾ ತುಂಬಿದ ಮೊರವನ್ನು ಅತ್ತ ತಳ್ಳಿ ಮಾವನ ಎದುರು ಕಾಲು ಮಡಚಿ ಕೂತರು. "ರೀ, ಮೊದಲನೇದರಿಂದ ನೀವ ಓದ್ರಿ. ಈಕಿ ಕೈಯಾಗ ಇನ್ನ ಕಿತಾಬು ಕೊಡಬ್ಯಾಡ್ರಿ."