ಬ್ಲೀಚಿನ ಕಲೆ

“ತವರಮನ್ಯಾಗ ಯಾರಿಗರೆ ತೊನ್ನು ಐತೇನ್ರಿ?” ಎಂದು ಜಮಖಂಡಿಯ ಡಾಕ್ಟರು ಕೇಳಿದಾಗ ರಂಜನಾ ನೆಲ ನೋಡತೊಡಗಿದಳು. ಅವಳ ಪರವಾಗಿ ಅತ್ತೆ ರುಕ್ಮವ್ವನೇ, ಅಂಥದ್ದೇನೂ ಇಲ್ಲ, ಎಲ್ಲ ವಿಚಾರಿಸಿಯೇ ಹೆಣ್ಣು ತಂದುಕೊಂಡಿದ್ದೇವೆ ಎಂದಳು.

ರುಕ್ಮವ್ವನ ಆಚೆ, ಬೆಂಚಿನ ತುದಿಯಲ್ಲಿ ಕೂತಿದ್ದ ರಂಜನಾಳ ಅಕ್ಕ ಶೇವಂತಿ ಬಲಗೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ವಿಚಾರಿಸಿದ್ದರಂತೆ! ಒಂಬತ್ತು ವರ್ಷದ ಹಿಂದೆ ಇದೇ ರುಕ್ಮವ್ವ ಮಗ ಗುರುಪಾದನನ್ನು ಕರೆದುಕೊಂಡು ಬನಹಟ್ಟಿಗೆ ನೋಡಲು ಬಂದದ್ದು ಶೇವಂತಿಯನ್ನು. ಚಹಾ ಕೊಟ್ಟ ಕೈಯ ಮೇಲೆ ಬಿಳಿ ಮಚ್ಚೆಗಳು ಕಂಡವು. ನೂಲಿಗೆ ಬಣ್ಣ ಹಾಕುವ ಮನೆ. ಅಪ್ಪ ಒಂಚೂರೂ ತಡವರಿಸದೆ, ಬ್ಲೀಚಿನ ನೀರು ಸಿಡಿದು ಸುಟ್ಟ ಕಲೆ ಎಂದುಬಿಟ್ಟ. ಅವರು ನಂಬಿದರು. ನಂಬಿಯೂ ಸುಟ್ಟ ಕೈ ಬೇಡವೆಂದು, ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು ಸೊಸೆಯಾಗಿ ಕೇಳಿದರು.

ಅಂದಿನಿಂದ ಯಾರು ಕೇಳಿದರೂ ಶೇವಂತಿ ಬ್ಲೀಚಿನ ಕಥೆಯನ್ನೇ ಹೇಳಿದಳು, ತಂಗಿಯ ಸಂಸಾರ ಉಳಿಯಲೆಂದು. ಹೊಟ್ಟೆಕಿಚ್ಚು ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ತವರಿಗೆ ಬಂದ ತಂಗಿಯ ನುಣುಪು ಕೈಯಲ್ಲಿ ಹಸಿರು ಬಳೆ ಸದ್ದಾದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಈಗ ಆ ಕೈ ಬಾತುಕೊಂಡಿತ್ತು. ಎರಡು ವರ್ಷದಿಂದ ಸುಸ್ತು, ಕೂದಲು ಉದುರುವುದು, ಗಂಟಲಲ್ಲಿ ಬಾವು. ರುಕ್ಮವ್ವ ಸೊಸೆಯನ್ನು ಮೈಗಳ್ಳಿ ಎಂದು ಓಣಿಗೆಲ್ಲ ಹೇಳಿಯಾಗಿತ್ತು.

ಡಾಕ್ಟರು ಮತ್ತೆ ಕೇಳಿದರು. ಮನೆತನದ ಬೇನೆ ಗೊತ್ತಾದರೆ ಇವಳದು ಯಾವುದೆಂದು ಹಿಡಿಯಲು ಸುಲಭವಂತೆ. ರಂಜನಾ ಅಕ್ಕನತ್ತ ನೋಡಿ, ಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು.

ತಂಗಿಯ ಜೀವ ದೊಡ್ಡದೆಂದು ಶೇವಂತಿ ಬಾಯಿಬಿಟ್ಟಳು ಎಂದರೆ ಸುಳ್ಳಾದೀತು. ಒಮ್ಮೆ ಇವಳದೂ ಮರ್ಯಾದೆ ಹೋಗಲಿ ಎಂದೇ ಅವಳು ಕೈ ಹೊರತೆಗೆದದ್ದು.

“ನನಗ ಐತ್ರಿ. ಇದು ಬ್ಲೀಚ್ ಸುಟ್ಟಿದ್ದಲ್ಲ.”

ಡಾಕ್ಟರು ಆ ಕೈ ಹಿಡಿದು ತಿರುಗಿಸಿ ನೋಡಿದರು.

“ಎರಡೂ ಒಂದ ಬಳ್ಳಿ ಬ್ಯಾನಿರಿ. ಅಕ್ಕಗ ತೊಗಲಿಗೆ ಬಂತು, ತಂಗಿಗೆ ಗಂಟಲಿನ ಥೈರಾಯ್ಡಿಗೆ ಬಂದಂಗ ಕಾಣತೈತಿ. ರಕ್ತ ತಪಾಸ ಮಾಡೂಣು. ಗುಳಿಗಿ ಅದಾವ.” ಮುಟ್ಟಿದರೆ ಹತ್ತುವಂಥದ್ದಲ್ಲ ಎಂದೂ ಹೇಳಿದರು.

ರುಕ್ಮವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಸೀರೆ ಒಟ್ಟುಮಾಡಿಕೊಂಡು ಸೊಸೆಯ ಮಗ್ಗುಲಿಂದ ಎದ್ದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಹೋಗಿ ಕೂತಳು. ಬ್ಲೀಚಿನ ಕಥೆ ನಂಬದವರು ಬಸ್ಸಿನಲ್ಲಿ ಹೀಗೆಯೇ ಏಳುತ್ತಿದ್ದರು; ಶೇವಂತಿಗೆ ರೂಢಿ. ರಂಜನಾಗೆ ಇದು ಮೊದಲನೆಯದು. ಖಾಲಿಯಾದ ಜಾಗವನ್ನೇ ನೋಡುತ್ತ ಕೂತಿದ್ದಳು.

ಶೇವಂತಿ ಅಲ್ಲಿಗೆ ಸರಿದು ಕೂತಳು. ಬೆಂಚು ಇನ್ನೂ ಬೆಚ್ಚಗಿತ್ತು.