ಕಬ್ಬಿಣದ ಸಾಹುಕಾರನ ಹಣೆ

ಹ್ಯಾರಿಸ್ ಪಾರ್ಕಿನಲ್ಲಿರುವ ಮಗಳ ಫ್ಲಾಟಿನಲ್ಲಿ ಮೊಮ್ಮಕ್ಕಳ ಚೆಂಡು ತಲುಪದ ಜಾಗವೆಂದರೆ ದೇವರ ಜಗುಲಿ ಒಂದೇ. ಹಾಗಾಗಿ ಗುರುಶಾಂತಪ್ಪನವರು ತಾವೇ ಬರೆದ, ಇನ್ನೂ ಹಸಿಯಾಗಿದ್ದ ತೈಲಚಿತ್ರವನ್ನು ಅಲ್ಲಿ, ಹಿರಿಯರ ಫೋಟೋಗಳ ಪಕ್ಕದಲ್ಲಿ ಒರಗಿಸಿಟ್ಟಿದ್ದರು. ಇಂಗ್ಲೆಂಡಿನ ಮೊದಮೊದಲ ಕಬ್ಬಿಣ ಉದ್ಯಮಿಯೊಬ್ಬನ ಭಾವಚಿತ್ರದ ನಕಲು ಅದು. ಬೆಳಗಾವಿಯ ಫೌಂಡ್ರಿಯಲ್ಲಿ ಅವರ ಕೈಕೆಳಗೆ ಪಳಗಿದ ವೀರೇಂದ್ರ ಈಗ ಮೆಲ್ಬರ್ನಿನಲ್ಲಿ ಸ್ವಂತ ಎರಕದ ಕಾರ್ಖಾನೆ ತೆರೆಯುವವನಿದ್ದ. ಬಾಗಿಲೆದುರಿನ ಗೋಡೆಗೆ ಈ ಚಿತ್ರವೇ ಬೇಕೆಂದು ಮುದ್ರಿತ ಪ್ರತಿಯೊಂದನ್ನು ಕಳಿಸಿದ್ದ. ನಡುಗುವ ಕೈ ಇನ್ನೊಂದು ಮುಖವನ್ನು ಹಿಡಿದೀತೇ ಎಂಬ ಅಳುಕಿನಲ್ಲೇ ಒಪ್ಪಿಕೊಂಡಿದ್ದ ಗುರುಶಾಂತಪ್ಪನವರು, ಇದು ಕೆಟ್ಟರೆ ಮತ್ತೆ ಕುಂಚ ಮುಟ್ಟುವುದಿಲ್ಲವೆಂದು ಒಳಗೇ ನಿಶ್ಚಯಿಸಿದ್ದರು.

ಚಿತ್ರ ಹಿಡಿದು ಮೆಲ್ಬರ್ನಿಗೆ ಹೊರಡುವ ದಿನ ಸ್ನಾನ ಮುಗಿಸಿ ಬಂದು ನೋಡುತ್ತಾರೆ: ಸಾಹುಕಾರನ ಹಣೆಯ ತುಂಬ ಮೂರೆಳೆ ವಿಭೂತಿ, ಹಸಿ ಬಣ್ಣದೊಡನೆ ಕಲಸಿಕೊಂಡು ಕೂತಿದೆ.

“ಏನ ಮಾಡಿದೀಯೇ ಇದು!”

“ಎಲ್ಲಾರಿಗೂ ಹಚ್ಚಿದಂಗ ಹಚ್ಚೀನಿ,” ಎಂದರು ಪತ್ನಿ ಶಿವಲಿಂಗವ್ವ. “ಚಸ್ಮಾ ಇರಲಿಲ್ಲ. ಆ ಕೋಟು, ಆ ಮಾರಿ... ನಿಮ್ಮ ಅಜ್ಜಾರು ಅನಕೊಂಡೆ.”

“ನಮ್ಮಜ್ಜಗ ಬಿಳಿ ಕೂದಲದ ಟೊಪ್ಪಿಗಿ ಎಲ್ಲಿತ್ತ?”

“ರುಮಾಲು ಅನಕೊಂಡೆ, ಬಿಡ್ರಿ. ದಿನಾ ಭಟ್ಟಿ ಮುಂದ ನಿಂತಾವಗ ಒಂದೀಟ ಬೂದಿ ಹತ್ತಿದ್ರ ಏನಾತು?”

“ಅಪ್ಪಾ, ಫ್ಲೈಟ್ ಮಧ್ಯಾಹ್ನ,” ಮಗಳು ಶಾಂಭವಿ ಒಳಗಿನಿಂದ ಕೂಗಿದಳು. “ಕ್ಯಾನ್ಸಲ್ ಮಾಡ್ಲಾ?”

“ಬ್ಯಾಡ.”

ಬಣ್ಣ ಕಲಸುವ ಚೂರಿಯಿಂದ ಅವರು ಬೂದಿಯನ್ನೂ ಬಣ್ಣವನ್ನೂ ಒಟ್ಟಿಗೆ ಕೆರೆದರು. ಮುದ್ರಿತ ಪ್ರತಿಯ ಹಣೆಯತ್ತ ನೋಡಿದರು. ಪಿಂಗಾಣಿಯಂತೆ ನುಣುಪು, ಬೆಂಕಿಯನ್ನೇ ಕಾಣದ ಹಣೆ. ಪ್ರತಿಯನ್ನು ಬೋರಲು ಹಾಕಿದರು. ಕರಗಿದ ಲೋಹ ಸುರಿಯುವಾಗ ಬಾಗಿ ನಿಲ್ಲುತ್ತಿದ್ದವರ ಹಣೆಗಳು ಒಂದೊಂದೇ ನೆನಪಿಗೆ ಬಂದವು: ಕೆಂಡದ ಕೆಂಪು, ಬೆವರು, ಕಣ್ಣು ಕಿರಿದಾದಾಗ ಹುಬ್ಬಿನ ಮೇಲೆ ಏಳುವ ನಿರಿಗೆ. ಕುಂಚ ಹಿಡಿದ ಕೈ ನಡುಗಿತು. ಆದರೆ ಆ ನಡುಕ ಗೆರೆಗಳೊಳಗೆ ಇಳಿದು ಅಲ್ಲೇ ಮನೆ ಮಾಡಿಕೊಂಡಿತು.

ಸಂಜೆ ಮೆಲ್ಬರ್ನಿನ ವಿಂಡಮ್ ವೇಲ್‌ನ ತನ್ನ ಮನೆಯಲ್ಲಿ ವೀರೇಂದ್ರ, ಗುರುಶಾಂತಪ್ಪನವರು ತಂದಿದ್ದ ಮುದ್ರಿತ ಪ್ರತಿಯನ್ನು ಚಿತ್ರದ ಪಕ್ಕಕ್ಕೆ ಹಿಡಿದು ನೋಡಿದ.

“ಸರ್, ಹಣಿ ಬ್ಯಾರೆ ಆಗೇದಲ್ರಿ?”

ಗುರುಶಾಂತಪ್ಪನವರು ಕನ್ನಡಕ ತೆಗೆದು ಒರೆಸಿದರು. “ಹೌದಪ್ಪ. ಹಣಿ ಅಷ್ಟ ನಕಲ ಅಲ್ಲ.”

ವೀರೇಂದ್ರ ಹತ್ತಿರ ಹೋದ, ಹಿಂದೆ ಸರಿದ, ಮತ್ತೆ ಹತ್ತಿರ ಹೋದ. “ಈಗ ನೋಡ್ರಿ, ಇಂವಾ ಖರೇನ ಕಬ್ಬಿಣ ಕರಗಿಸಿದಾವ ಕಾಣ್ತಾನ,” ಎಂದು ಪ್ರತಿಯನ್ನು ಮಡಿಸಿ ಜೇಬಿಗೆ ಸೇರಿಸಿದ. “ಒಳಗಿನ ಗೋಡಿಗೆ ನಮ್ಮಪ್ಪಂದೂ ಒಂದ ಬೇಕಾಗೇದ್ರಿ. ಯಾವಾಗ ಬರಿಯಾಕ ಕೂಡ್ತೀರಿ?”

“ಮೊದಲ ಚಹಾ ತಾರೋ,” ಎಂದರು ಗುರುಶಾಂತಪ್ಪನವರು. ಅವರ ಕಣ್ಣು ಆಗಲೇ ವೀರೇಂದ್ರನ ಮುಖದಲ್ಲಿ ಅವನ ಅಪ್ಪನನ್ನು ಹುಡುಕತೊಡಗಿತ್ತು.